ಅಕ್ಕನ 44 ಅಚ್ಚುಗಳಿಗೆ ಟೋಕನ್ ಕಟ್ಟಿದ್ದು: ಸೇರಿಸಿದ ಮಾಡ್ಯೂಲ್‌ಗಳು, ಕಿತ್ತು ಹಾಕಿದ ಮಾಡ್ಯೂಲ್‌ಗಳು

ಅಕ್ಕ ಸಾಗರದಲ್ಲಿ ಲಿನೋಕಟ್ ಮಾಡುತ್ತಾಳೆ. ಲಿನೋಲಿಯಂ ಹಾಳೆಯಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ರೋಲರ್‌ನಿಂದ ಮಸಿ ಹಚ್ಚಬೇಕು. ಮೇಲೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ಈ ಸಲ ಅವಳು ಕೆತ್ತಿದ್ದು ಅಡಿಕೆ ಒಣಗಿಸುವ ಅಂಗಳ. 40 ಪ್ರತಿ ಮಾರಾಟಕ್ಕೆ, 4 ಪ್ರತಿ ಅವಳಿಗೇ. ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಲ್ಲಿ 7/40, 8/40 ಅಂತ ಬರೆದು ಸಹಿ ಹಾಕುತ್ತಾಳೆ. ಎಲ್ಲ ಮುಗಿದ ಮೇಲೆ ಲಿನೋ ಮೇಲೆ ಉಳಿಯಿಂದ ಮೂಲೆಯಿಂದ ಮೂಲೆಗೆ ಗೀರು ಎಳೆದುಬಿಡುತ್ತಾಳೆ. ಇನ್ನು 45ನೇ ಪ್ರತಿ ತೆಗೆಯೋಣ ಅಂದರೂ ಆಗುವುದಿಲ್ಲ. ಅಚ್ಚು ಕಲೆಯಲ್ಲಿ ಇದು ಹಳೆಯ ಪದ್ಧತಿ.

ಅವಳು ಫೋನ್ ಮಾಡಿ ಕೇಳಿದ್ದು ಇಷ್ಟು: "ಯಾವ ನಂಬರ್ ಯಾರ ಹತ್ತಿರ ಇದೆ ಅನ್ನೋ ಪಟ್ಟಿ ನನ್ನ ನೋಟ್‌ಬುಕ್ಕಲ್ಲಿ ಮಾತ್ರ ಇದೆ ಮಾರಾಯ. ಅವರು ಇನ್ನೊಬ್ಬರಿಗೆ ಕೊಟ್ಟರೆ ನನಗೆ ಗೊತ್ತಾಗಲ್ಲ. ನೀನು ಆ ಬ್ಲಾಕ್‌ಚೈನ್ ಕೆಲಸ ಮಾಡ್ತೀಯಲ್ಲ, ಅದರಲ್ಲಿ ಏನಾದ್ರೂ ಆಗತ್ತಾ?"

ಆಗುತ್ತದೆ. ಬ್ಲಾಕ್‌ಚೈನ್ ಅಂದರೆ ತುಂಬಾ ಕಂಪ್ಯೂಟರ್‌ಗಳು ಸೇರಿ ಇಡುವ ಲೆಕ್ಕದ ಪುಸ್ತಕ. ಒಂದು ಅಚ್ಚಿಗೆ ಒಂದು ಎನ್‌ಎಫ್‌ಟಿ, ಅಂದರೆ ಯಾರ ಹೆಸರಿನಲ್ಲಿದೆ ಅಂತ ಆ ಪುಸ್ತಕದಲ್ಲಿ ದಾಖಲಾಗುವ, ಒಂದರಂತೆ ಇನ್ನೊಂದಿಲ್ಲದ ಟೋಕನ್. ಕಾಗದ ಕೈ ಬದಲಾದಾಗ ಟೋಕನ್ ಕೂಡ ಕೈ ಬದಲಾಗುತ್ತದೆ. ಇದಕ್ಕೆ ಬೇಕಾದ ಬಿಡಿಭಾಗಗಳೆಲ್ಲ, ಅಂದರೆ ಮಾಡ್ಯೂಲ್‌ಗಳು, ಸಿದ್ಧವಾಗಿ ಸಿಗುತ್ತವೆ. ನಾಲ್ಕು ವಾರಾಂತ್ಯ ಕೂತು ಕಟ್ಟಿದೆ. ಕಟ್ಟುವಾಗ ಒಂದು ವಿಷಯ ಮತ್ತೆ ಮತ್ತೆ ಎದುರಾಯಿತು. ಮಾಡ್ಯೂಲ್‌ಗಳ ಒಳಗೆ ನನಗೆ ಒಂದೂ ತಪ್ಪು ಸಿಗಲಿಲ್ಲ. ಸಿಕ್ಕಿದ ತಪ್ಪೆಲ್ಲ ಎರಡು ಮಾಡ್ಯೂಲ್ ಸೇರುವ ಜಾಗದಲ್ಲಿ, ಅಂದರೆ ನಾನು ಹೊಲಿಗೆ ಹಾಕಿದ ಕಡೆ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಕೈ ಹಾಕುವ ಇನ್ನೊಬ್ಬರಿಗೆ ಒಂದೆರಡು ರಾತ್ರಿ ಉಳಿಯಲಿ ಅಂತ.

ಮೊದಲ ವಾರ: ಟಿಕ್ ಹಾಕುತ್ತಾ ಹೋದೆ

ಉಪಕರಣ ಆರಿಸುವುದು ಕಷ್ಟ ಆಗಲಿಲ್ಲ. ಕಾಂಟ್ರ್ಯಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಬರೆಯಲು ಸೊಲಿಡಿಟಿ ಭಾಷೆ, ಕಟ್ಟಿ ಪರೀಕ್ಷೆ ಮಾಡಲು ಫೌಂಡ್ರಿ. ಫೌಂಡ್ರಿ ಒಂದೇ ಸಲಕರಣೆ ಅಲ್ಲ, ಒಂದು ಡಬ್ಬಿ. ಫೋರ್ಜ್ ಕಂಪೈಲ್ ಮತ್ತು ಟೆಸ್ಟ್‌ಗೆ. ಆನ್‌ವಿಲ್ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಪುಟ್ಟ ಚೈನ್ ಓಡಿಸುತ್ತದೆ, ಶುರು ಮಾಡಿದ ತಕ್ಷಣ ತಲಾ 10,000 ಈಥರ್ (ಈಥೀರಿಯಂ ಚೈನ್‌ನ ನಾಣ್ಯ, ಇಲ್ಲಿ ಬರೀ ಆಟದ ದುಡ್ಡು) ಇರುವ 10 ಖಾತೆ ಕೊಡುತ್ತದೆ. ಕಾಸ್ಟ್ ಟರ್ಮಿನಲ್‌ನಿಂದಲೇ ಚೈನ್ ಜೊತೆ ಮಾತಾಡಲು. ಟೆಸ್ಟ್ ಕೂಡ ಸೊಲಿಡಿಟಿಯಲ್ಲೇ ಬರೆಯಬಹುದು, ಅದೇ ನನಗೆ ಇಷ್ಟ.

ಟೋಕನ್ ಮಾಡ್ಯೂಲ್‌ಗಳಿಗೆ ಓಪನ್‌ಝೆಪ್ಪೆಲಿನ್, ಸಿದ್ಧ ಕಾಂಟ್ರ್ಯಾಕ್ಟ್ ಕೋಡ್‌ನ ಲೈಬ್ರರಿ. ಅವರ ವಿಝರ್ಡ್ ಪುಟದಲ್ಲಿ ಬೇಕಾದದ್ದಕ್ಕೆ ಟಿಕ್ ಹಾಕಿದರೆ ಕೋಡ್ ಸಿದ್ಧವಾಗಿ ಬರುತ್ತದೆ. ಇರಲಿ, ಬೇಕಾದೀತು ಅಂತ ಒಂದೊಂದೇ ಟಿಕ್ ಹಾಕಿದೆ. ಇಆರ್‌ಸಿ-721 ಹೇಗೂ ಬೇಕು, 2018ರಲ್ಲಿ ಬಂದ ಮೂಲ ಎನ್‌ಎಫ್‌ಟಿ ಮಾನದಂಡ ಅದು. ಎಲ್ಲ ಟೋಕನ್ ಎಣಿಸಲು ಎನ್ಯುಮರಬಲ್. ತುರ್ತಿಗೆ ನಿಲ್ಲಿಸಲು ಪಾಸಬಲ್. ಒಂದೊಂದು ಟೋಕನ್‌ಗೂ ಬೇರೆ ಬೇರೆ ಕೊಂಡಿ ಇಡಲು ಯುಆರ್‌ಐ ಸ್ಟೋರೇಜ್. ಯಾರಿಗೆ ಯಾವ ಅಧಿಕಾರ ಅಂತ ಹೇಳಲು ಆಕ್ಸೆಸ್ ಕಂಟ್ರೋಲ್. ಮರುಮಾರಾಟದಲ್ಲಿ ಅಕ್ಕನಿಗೆ ಪಾಲು (ರಾಯಲ್ಟಿ) ಬರಲಿ ಅಂತ ಇಆರ್‌ಸಿ-2981 ಅನ್ನು ಕೈಯಾರೆ ಸೇರಿಸಿದೆ.

ಆರು ಮಾಡ್ಯೂಲ್, ನನ್ನದು ಅಂತ ಮೂವತ್ತು ಸಾಲು. ಇವಕ್ಕೆ ಅಕ್ಕನ ಲೆಕ್ಕ ಸೇರಿಸಬೇಕಿತ್ತು, ಹೇಗೆ ಅಂತ ನೋಡಲು ಒಂದು ಪಾಠದ ವಿಡಿಯೋ ತೆರೆದೆ. ಅದರಲ್ಲಿದ್ದ ಹಾಗೆ ಬರೆದರೆ ಕಂಪೈಲರ್ ಒಪ್ಪಲಿಲ್ಲ. ಕಾರಣ ಸರಳ. 2023ರ ಅಕ್ಟೋಬರ್‌ನಲ್ಲಿ ಬಂದ ಓಪನ್‌ಝೆಪ್ಪೆಲಿನ್ 5ನೇ ಆವೃತ್ತಿಯಲ್ಲಿ ಟೋಕನ್ ಚಲಿಸುವ ಮುಂಚೆ ಒಂದು, ಆದ ಮೇಲೆ ಒಂದು ಅಂತ ಇದ್ದ ಎರಡು ಹುಕ್‌ಗಳನ್ನು (ನಮ್ಮ ಕೋಡ್ ಸಿಕ್ಕಿಸುವ ಜಾಗಗಳನ್ನು) ತೆಗೆದುಹಾಕಿದ್ದಾರೆ. ಈಗ 'ಅಪ್‌ಡೇಟ್' ಅನ್ನುವ ಒಂದೇ ಬಾಗಿಲು. ಮಿಂಟ್ (ಹೊಸ ಟೋಕನ್ ಹುಟ್ಟಿಸುವುದು) ಆಗಲಿ, ವರ್ಗಾವಣೆ ಆಗಲಿ, ಸುಡುವುದಾಗಲಿ, ಎಲ್ಲ ಅದರ ಮೂಲಕವೇ ಹೋಗುತ್ತದೆ. ಎಣಿಕೆಗೆ ಇದ್ದ ಕೌಂಟರ್ಸ್ ಕೂಡ ಹೋಗಿದೆ. ಕಾಂಟ್ರ್ಯಾಕ್ಟ್‌ಗೆ ಒಬ್ಬ ಮಾಲೀಕನನ್ನು ಇಡುವ ಓನಬಲ್ ಮಾಡ್ಯೂಲ್‌ಗೆ ಮೊದಲ ಮಾಲೀಕ ಯಾರು ಅಂತ ನಾವೇ ಹೇಳಬೇಕು. ಹಳೆಯ ಪಾಠಗಳು ಇನ್ನೂ ಎಲ್ಲ ಕಡೆ ಇವೆ. ನೋಡುವ ಮುಂಚೆ ಯಾವ ಆವೃತ್ತಿಯದು ಅಂತ ನೋಡಿಕೊಳ್ಳಿ.

ಒಂದೇ ಬಾಗಿಲು ಮಾಡಿದ್ದು ಒಳ್ಳೆಯದೇ ಆಯಿತು. ಮುಂದೆ ಅದೇ ನನ್ನನ್ನು ಕಾಪಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ನಿಜವಾದ ತಪ್ಪು ರಾಯಲ್ಟಿಯಲ್ಲಿ. ಒಂದು ಕಾಂಟ್ರ್ಯಾಕ್ಟ್‌ಗೆ ಯಾವ ಯಾವ ಮಾನದಂಡ ಗೊತ್ತು ಅಂತ ಹೊರಗಿನವರು ಕೇಳಲು 'ಸಪೋರ್ಟ್ಸ್ ಇಂಟರ್‌ಫೇಸ್' ಅನ್ನುವ ಫಂಕ್ಷನ್ ಇದೆ. 721, 2981, ಆಕ್ಸೆಸ್ ಕಂಟ್ರೋಲ್, ಎನ್ಯುಮರಬಲ್, ಎಲ್ಲವೂ ಅದನ್ನು ತಮ್ಮ ತಮ್ಮ ರೀತಿ ಬರೆದುಕೊಂಡಿವೆ. ಯಾವುದನ್ನು ತೆಗೆದುಕೊಳ್ಳಲಿ ಅಂತ ಕಂಪೈಲರ್ ನಮ್ಮನ್ನೇ ಕೇಳುತ್ತದೆ. ನಾನು ಅವಸರದಲ್ಲಿ 721ರದ್ದನ್ನು ನೇರವಾಗಿ ಹೆಸರಿಟ್ಟು ಕರೆದೆ. ಕಂಪೈಲರ್ ಸುಮ್ಮನಾಯಿತು. ಎಲ್ಲ ಹಸಿರು. ಆದರೆ "ನಿನಗೆ 2981 ಗೊತ್ತಾ?" ಅಂದರೆ ಕಾಂಟ್ರ್ಯಾಕ್ಟ್ "ಗೊತ್ತಿಲ್ಲ" ಅನ್ನುತ್ತಿತ್ತು. ರಾಯಲ್ಟಿ ಕೋಡ್ ಒಳಗೇ ಇತ್ತು, ಕೇಳಿದವರಿಗೆ ಕಾಣುತ್ತಿರಲಿಲ್ಲ ಅಷ್ಟೇ.

ಸರಿಯಾದ ಉತ್ತರ 'ಸೂಪರ್'. ಸೊಲಿಡಿಟಿಯಲ್ಲಿ ಸೂಪರ್ ಅಂದರೆ ಒಬ್ಬ ತಂದೆ ಅಲ್ಲ. ಆನುವಂಶಿಕ ಪಟ್ಟಿಯ ಬಲ ತುದಿಯಿಂದ ಹೊರಟು ಎಡಕ್ಕೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುವ ಸಾಲು. ಯಾರೋ ಒಬ್ಬರು "ನನಗೆ ಗೊತ್ತು" ಅಂದರೆ ಸಾಕು. ನಾನು ಹೆಸರಿಟ್ಟು ಕರೆದಾಗ ಆ ಸಾಲು ಅಲ್ಲೇ ತುಂಡಾಗಿತ್ತು. ಒಂದು ಪದ ಬದಲಿಸಿದೆ, ಸರಿಹೋಯಿತು. ಆಮೇಲೆ ಪ್ರತಿ ಮಾನದಂಡಕ್ಕೂ ಒಂದೊಂದು ಸಾಲಿನ ಟೆಸ್ಟ್ ಬರೆದೆ.

ರಾಯಲ್ಟಿ ಬಗ್ಗೆ ಅಕ್ಕನಿಗೆ ಅವತ್ತೇ ಸ್ಪಷ್ಟವಾಗಿ ಹೇಳಿದೆ. 2981 ಬರೀ ಉತ್ತರ ಹೇಳುತ್ತದೆ: "ಇಷ್ಟಕ್ಕೆ ಮಾರಿದರೆ ಇಷ್ಟು ಇವರಿಗೆ ಕೊಡಿ." ವಸೂಲಿ ಮಾಡುವುದಿಲ್ಲ. ಕೊಡುವುದು ಬಿಡುವುದು ಮಾರುಕಟ್ಟೆಯ ಇಷ್ಟ. ಓಪನ್‌ಸೀ ಅನ್ನುವ ದೊಡ್ಡ ಎನ್‌ಎಫ್‌ಟಿ ಮಾರುಕಟ್ಟೆ ಕೂಡ ರಾಯಲ್ಟಿ ಕಡ್ಡಾಯ ಮಾಡುವ ತನ್ನ ಫಿಲ್ಟರ್ ಅನ್ನು 2023ರ ಆಗಸ್ಟ್ ಕೊನೆಗೆ ನಿಲ್ಲಿಸಿತು. ಆದರೂ ಶೇಕಡಾ 5 ಅಂತ ಬರೆದಿಟ್ಟಿದ್ದೇವೆ. ಬರೆದಿದ್ದರೆ ಕೊಡುವ ಮನಸ್ಸಿರುವವರಿಗೆ ಎಷ್ಟು ಅಂತ ಗೊತ್ತಾಗುತ್ತದೆ, ಅಲ್ವಾ?

ಎರಡನೇ ವಾರ: ಕಿತ್ತು ಹಾಕಿದೆ

ಶನಿವಾರ ಬೆಳಿಗ್ಗೆ ಕಾಫಿ ಜೊತೆ ಆರು ಮಾಡ್ಯೂಲ್‌ಗಳನ್ನು ಒಂದು ಕಾಗದದ ಮೇಲೆ ಬರೆದೆ. ಪಕ್ಕದಲ್ಲಿ ಅಕ್ಕನ ಕೆಲಸದಲ್ಲಿ ಅದಕ್ಕೆ ಸಮನಾದದ್ದು ಏನು ಅಂತ ಬರೆಯಲು ಹೋದೆ. ಹೆಚ್ಚಿನವಕ್ಕೆ ಸಮನಾದದ್ದು ಇರಲೇ ಇಲ್ಲ.

ಎನ್ಯುಮರಬಲ್ ಯಾಕೆ? ನಂಬರ್ 1ರಿಂದ 44 ಅಂತ ನನಗೆ ಮೊದಲೇ ಗೊತ್ತು. 44 ಸಲ ಮಾಲೀಕ ಯಾರು ಅಂತ ಕೇಳಿದರೆ ಮುಗಿಯಿತು, ಹಲವು ಪ್ರಶ್ನೆ ಒಟ್ಟಿಗೆ ಕೇಳುವ ಮಲ್ಟಿಕಾಲ್‌ನಲ್ಲಿ ಒಂದೇ ಸುತ್ತಿಗೆ ಆಗುತ್ತದೆ. ಈ ಮಾಡ್ಯೂಲ್ ಪುಕ್ಕಟೆ ಅಲ್ಲ. ಚೈನ್ ಮಾಡುವ ಕೆಲಸದ ಅಳತೆಗೆ ಗ್ಯಾಸ್ ಅನ್ನುತ್ತಾರೆ, ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಈಥೀರಿಯಂನಲ್ಲಿ ಖಾಲಿ ಸ್ಲಾಟ್‌ಗೆ (ಸಂಗ್ರಹದ ಒಂದು ಖಾನೆಗೆ) ಮೊದಲ ಸಲ ಬರೆದರೆ 22,100 ಗ್ಯಾಸ್. ಒಂದು ವ್ಯವಹಾರದ ಮೂಲ ಖರ್ಚೇ 21,000. ಎನ್ಯುಮರಬಲ್ ಪ್ರತಿ ಮಿಂಟ್‌ಗೂ ನಾಲ್ಕು ಹೊಸ ಸ್ಲಾಟ್ ತನಕ ಬರೆಯುತ್ತದೆ. 44 ಟೋಕನ್‌ಗೆ ಅದೆಷ್ಟು ಸುಮ್ನೆ ಹೋಗುತ್ತದೆ ನೋಡಿ. ತೆಗೆದೆ.

ಯುಆರ್‌ಐ ಸ್ಟೋರೇಜ್ ಯಾಕೆ? ಎಲ್ಲ ಫೈಲ್ ಒಂದೇ ಫೋಲ್ಡರ್‌ನಲ್ಲಿ ಇರುವಾಗ ಫೋಲ್ಡರ್ ವಿಳಾಸದ ಮುಂದೆ ನಂಬರ್ ಸೇರಿಸಿದರೆ ಸಾಕು. ತೆಗೆದೆ. ಪಾಸಬಲ್ ಬಗ್ಗೆ ಅಕ್ಕನನ್ನೇ ಕೇಳಿದೆ. "ಮಾರಿದ ಮೇಲೆ ಅದು ಅವರದು. ನಾನ್ಯಾಕೆ ನಿಲ್ಲಿಸಲಿ?" ಅಂದಳು. ತೆಗೆದೆ.

ಉಳಿದದ್ದು ಮಿಂಟ್. ಯಾರು ಮಿಂಟ್ ಮಾಡಬಹುದು, 44 ದಾಟದ ಹಾಗೆ ಹೇಗೆ ತಡೆಯುವುದು, ಆಮೇಲೆ ಹೇಗೆ ಮುಚ್ಚುವುದು ಅಂತ ಆಕ್ಸೆಸ್ ಕಂಟ್ರೋಲ್ ಸುತ್ತ ಐವತ್ತು ಸಾಲು ಬರೆದಿದ್ದೆ. ಅಕ್ಕನ ಗೀರು ನೆನಪಾಯಿತು. ಗೀರು ಎಳೆದ ಲಿನೋಗೆ ಬೀಗ ಇಲ್ಲ, ಕೀಲಿ ಇಲ್ಲ. ಅದರಿಂದ ಅಚ್ಚು ಬರುವುದೇ ಇಲ್ಲ. ಅದೇ ಥರ ಮಾಡಿದರೆ? ಕಾಂಟ್ರ್ಯಾಕ್ಟ್ ಹುಟ್ಟುವಾಗಲೇ, ಕನ್‌ಸ್ಟ್ರಕ್ಟರ್ ಒಳಗೆ 44 ಟೋಕನ್‌ಗಳನ್ನೂ ಮಿಂಟ್ ಮಾಡಿ ಕಾಂಟ್ರ್ಯಾಕ್ಟ್‌ನ ಹೆಸರಿಗೇ ಇಡುವುದು. ಹೊರಗೆ ಮಿಂಟ್ ಅನ್ನುವ ಫಂಕ್ಷನ್ನೇ ಇಲ್ಲ. ತಡೆಯುವುದೇನು, ಮುಚ್ಚುವುದೇನು? ಐವತ್ತು ಸಾಲು ಹೋಗಿ ನಾಲ್ಕು ಸಾಲಾಯಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಗಳಿಗೆ ಅದು.

ಅಪ್‌ಗ್ರೇಡ್ ಮಾಡಬಹುದಾದ ಪ್ರಾಕ್ಸಿ (ಕೋಡ್ ಆಮೇಲೆ ಬದಲಿಸಲು ಬಿಡುವ ಮಧ್ಯವರ್ತಿ ಕಾಂಟ್ರ್ಯಾಕ್ಟ್) ಬೇಡ ಅಂತಲೂ ಅಲ್ಲೇ ತೀರ್ಮಾನ ಆಯಿತು. ಗೀರಿದ ಹಲಗೆಯನ್ನು ಯಾರೋ ಒಬ್ಬರು ಮತ್ತೆ ನುಣುಪು ಮಾಡಬಹುದು ಅಂತಾದರೆ ಗೀರಿದ್ದಕ್ಕೆ ಅರ್ಥ ಏನು? ಇಆರ್‌ಸಿ-2535, ಅಂದರೆ ಕೋಡನ್ನು ಹಲವು ಕಾಂಟ್ರ್ಯಾಕ್ಟ್‌ಗಳಿಗೆ ಹಂಚುವ ಡೈಮಂಡ್ ವಿಧಾನವನ್ನೂ ಓದಿ ನೋಡಿದೆ. ಒಂದು ಕಾಂಟ್ರ್ಯಾಕ್ಟ್ ಗಾತ್ರಕ್ಕೆ 24,576 ಬೈಟ್ ಮಿತಿ ಇದೆ. ಅದನ್ನು ದಾಟುವ ದೊಡ್ಡ ಆಟಗಳಿಗೆ, ಮಾರುಕಟ್ಟೆಗಳಿಗೆ ಡೈಮಂಡ್ ಸರಿ. ನನ್ನದು ಆ ಮಿತಿಯ ಅರ್ಧವೂ ಆಗಲಿಲ್ಲ.

ಚೀಟಿ

44 ಟೋಕನ್ ಕಾಂಟ್ರ್ಯಾಕ್ಟ್ ಕೈಯಲ್ಲಿವೆ. ಕೊಂಡವರಿಗೆ ಕೊಡುವುದು ಹೇಗೆ?

ಅಕ್ಕ ತಾನೇ ಕಳಿಸಬಹುದು. ಆದರೆ ಪ್ರತಿ ಸಲ ಗ್ಯಾಸ್ ಕಟ್ಟಬೇಕು, ಅದಕ್ಕೆ ಅವಳ ವಾಲೆಟ್‌ನಲ್ಲಿ (ಚೈನ್ ಖಾತೆಯ ಕೀಲಿ ಇಡುವ ಆ್ಯಪ್‌ನಲ್ಲಿ) ಈಥರ್ ಇರಬೇಕು. ಅವಳಿಗೆ ಅದರ ಗೋಜೇ ಬೇಡ. ಕೊಂಡವರಿಗೂ ಬೇಡ. ಹಾಗಾಗಿ ಚೀಟಿ ವಿಧಾನ. ಕೊಂಡವರು ತಮ್ಮ ವಾಲೆಟ್ ವಿಳಾಸ ಕಳಿಸುತ್ತಾರೆ. ಅಕ್ಕ ಫೋನ್‌ನಲ್ಲಿ ಒಂದು ಪುಟ ತೆರೆದು ನಂಬರ್ ಆರಿಸಿ ಸಹಿ ಮಾಡುತ್ತಾಳೆ. ಸಹಿಗೆ ಗ್ಯಾಸ್ ಇಲ್ಲ. ಆ ಚೀಟಿಯನ್ನು ನನ್ನ ಪುಟ್ಟ ಸರ್ವರ್ ಚೈನ್‌ಗೆ ಮುಟ್ಟಿಸುತ್ತದೆ, ಗ್ಯಾಸ್ ಅದರ ಖಾತೆಯಿಂದ. ಯಾರಿಗೆ ಅನ್ನುವುದು ಚೀಟಿಯಲ್ಲೇ ಬರೆದಿರುವುದರಿಂದ ಮುಟ್ಟಿಸುವವರು ಯಾರಾದರೂ ಆಗಬಹುದು. ನನ್ನ ಸರ್ವರ್ ನಿಂತರೂ ಚೀಟಿ ಇದ್ದವರು ತಾವೇ ಮುಟ್ಟಿಸಬಹುದು. ಬೇರೆಯವರ ಗ್ಯಾಸ್ ಕಟ್ಟುವ ಇಆರ್‌ಸಿ-4337ರ ಪೇಮಾಸ್ಟರ್ ತಂದು ಕೂರಿಸುವ ಯೋಚನೆ ಇತ್ತು. ಇಷ್ಟು ಚಿಕ್ಕ ಕೆಲಸಕ್ಕೆ ಅದು ಬೇಕಾಗಲಿಲ್ಲ.

ಸಹಿಗೆ ಇಐಪಿ-712 ಅನ್ನುವ ಮಾನದಂಡ. ಸಹಿ ಮಾಡುವವರಿಗೆ ಅರ್ಥವಾಗದ ಅಂಕಿ ಅಕ್ಷರಗಳ ಸಾಲು ಕಾಣುವ ಬದಲು, ಯಾರಿಗೆ, ಯಾವ ನಂಬರ್, ಎಂದಿನ ತನಕ ಅಂತ ಬಿಡಿಬಿಡಿಯಾಗಿ ಕಾಣುತ್ತದೆ. ಅಕ್ಕನಿಗೆ ತೋರಿಸಿದಾಗ, "ಓ, ಕಾಗದದ ಕೆಳಗೆ ಪೆನ್ಸಿಲ್ಲಲ್ಲಿ ಬರೀತೀನಲ್ಲ, ಹಾಗೇ" ಅಂದಳು.

ಆಕ್ಸೆಸ್ ಕಂಟ್ರೋಲ್ ಜಾಗಕ್ಕೆ ಬಂದದ್ದು ಓನಬಲ್. ಅದಕ್ಕೆ ಒಂದೇ ಅಧಿಕಾರ: ಸಹಿ ಮಾಡುವ ಕೀಲಿ ಬದಲಿಸುವುದು. ಅಕ್ಕನ ಫೋನ್ ಕಳೆದುಹೋದರೆ ಬೇಕಲ್ಲ. ಆ ಮಾಲೀಕ ಕೀಲಿಯ 12 ಪದ ಕಾಗದದ ಮೇಲೆ ಅಕ್ಕನ ಬೀರುವಿನಲ್ಲಿದೆ, ಫೋನ್‌ನಲ್ಲಿಲ್ಲ. ಹೀಗೆ ಕೊನೆಗೆ ಉಳಿದ ಮಾಡ್ಯೂಲ್ ನಾಲ್ಕು: 721, 2981, 712, ಓನಬಲ್.

ಒಂದು ಖಾಲಿ ಜಾಗ

ಫೋರ್ಜ್‌ನಲ್ಲಿ ಎಲ್ಲ ಟೆಸ್ಟ್ ಪಾಸ್. ಟೆಸ್ಟ್‌ನೆಟ್‌ಗೆ (ಅಸಲಿ ದುಡ್ಡಿಲ್ಲದ ಅಭ್ಯಾಸದ ಚೈನ್‌ಗೆ) ಹಾಕಿ ಅಕ್ಕನಿಗೆ ಪುಟ ಕಳಿಸಿದೆ. ಅವಳು ಸಹಿ ಮಾಡಿದಳು. ಕಾಂಟ್ರ್ಯಾಕ್ಟ್ ತಿರಸ್ಕರಿಸಿತು: ಸಹಿ ಸರಿಯಾದವರದ್ದಲ್ಲ.

"ನಾನೇ ಮಾಡಿದ್ದು ಮಾರಾಯ, ಇನ್ಯಾರು ಮಾಡ್ತಾರೆ?" ಅಂದಳು. ಮತ್ತೆ ಮಾಡಿದಳು. ಮತ್ತೆ ಅದೇ.

ಇಂಥ ತಪ್ಪು ಹಿಡಿಯುವುದು ಕಷ್ಟ. ಕಾರಣ ಹೇಳುತ್ತೇನೆ. ಸಹಿಯಿಂದ ವಿಳಾಸ ಹೊರಗೆ ತೆಗೆಯುವ ಲೆಕ್ಕ ಇದೆಯಲ್ಲ, ಅದಕ್ಕೆ ತಪ್ಪು ಸಂದೇಶ ಕೊಟ್ಟರೂ ಅದು ಸಾಮಾನ್ಯವಾಗಿ "ತಪ್ಪು" ಅನ್ನುವುದಿಲ್ಲ. ಯಾವುದೋ ಒಂದು ವಿಳಾಸ ಕೊಟ್ಟುಬಿಡುತ್ತದೆ. ನೋಡಲು ಪಕ್ಕಾ ವಿಳಾಸವೇ. ಆದರೆ ಅಕ್ಕನದ್ದಲ್ಲ. ಇನ್ನೊಂದು ಚೀಟಿ ಕೊಟ್ಟರೆ ಇನ್ನೊಬ್ಬ ಅಪರಿಚಿತನ ವಿಳಾಸ. ನಾನು ಒಂದು ಗಂಟೆ ಅಕ್ಕ ಬೇರೆ ಖಾತೆಯಿಂದ ಸಹಿ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಚೀಟಿ ಬದಲಾದಾಗಲೆಲ್ಲ ವಿಳಾಸವೂ ಬದಲಾಗುತ್ತಿದೆ ಅಂತ ಗಮನಿಸಿದ ಮೇಲೆ ದಾರಿ ಸಿಕ್ಕಿತು. ಖಾತೆ ತಪ್ಪಿದ್ದರೆ ಪ್ರತಿ ಸಲ ಒಂದೇ ವಿಳಾಸ ಬರಬೇಕಿತ್ತು. ಅಂದರೆ ಎರಡು ಕಡೆ ಸಂದೇಶವೇ ಬೇರೆ ಬೇರೆ.

712ರಲ್ಲಿ ಎರಡು ಭಾಗ. ಒಂದು ಡೊಮೈನ್: ಹೆಸರು, ಆವೃತ್ತಿ, ಚೈನ್ ನಂಬರ್, ಕಾಂಟ್ರ್ಯಾಕ್ಟ್ ವಿಳಾಸ. ಇನ್ನೊಂದು ಚೀಟಿಯ ಒಳಗಿನದ್ದು. ಮೊದಲು ಡೊಮೈನ್ ನೋಡಿದೆ. ಓಪನ್‌ಝೆಪ್ಪೆಲಿನ್ ಮಾಡ್ಯೂಲ್‌ನಲ್ಲಿ ಅದನ್ನು ಹೊರಗಿನಿಂದ ಓದುವ ಫಂಕ್ಷನ್ ಇದೆ. ಚೈನ್ ನಂಬರ್ 11155420, ಅಂದರೆ ನಾನು ಬಳಸಿದ ಟೆಸ್ಟ್‌ನೆಟ್ ಓಪಿ ಸೆಪೋಲಿಯಾ, ಸರಿ ಇದೆ. ಹೆಸರು ಸರಿ. ಡೊಮೈನ್ ಹ್ಯಾಶ್ (ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚು) ಎರಡೂ ಕಡೆ ಒಂದೇ.

ಒಳಗಿನದ್ದಕ್ಕೆ ಬಂದೆ. ಚೀಟಿಯ ರಚನೆಯನ್ನು ಒಂದು ಸಾಲಿನಲ್ಲಿ ಬರೆದು ಅದರ ಹ್ಯಾಶ್ ತೆಗೆಯಬೇಕು. ಪುಟದ ಕಡೆ ಆ ಸಾಲನ್ನು ವಿಯೆಮ್ ಲೈಬ್ರರಿ ತಾನೇ ಕಟ್ಟುತ್ತದೆ. ಕಾಂಟ್ರ್ಯಾಕ್ಟ್ ಕಡೆ ನಾನು ಕೈಯಾರೆ ಟೈಪ್ ಮಾಡಿದ್ದೆ. ಎರಡೂ ಹ್ಯಾಶ್ ಮುದ್ರಿಸಿದೆ. ಬೇರೆ ಬೇರೆ! ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ನೋಡುತ್ತಾ ಬಂದೆ. ಮೊದಲ ಅಲ್ಪವಿರಾಮದ ಹತ್ತಿರ ಬೆರಳು ನಿಂತಿತು. ನನ್ನ ಸಾಲಿನಲ್ಲಿ ಅಲ್ಪವಿರಾಮ ಆದ ಮೇಲೆ ಒಂದು ಖಾಲಿ ಜಾಗ ಇತ್ತು. ಕೋಡ್ ಬರೆಯುವಾಗ ಅಲ್ಪವಿರಾಮದ ನಂತರ ಜಾಗ ಬಿಡುವುದು ಕೈಗೆ ರೂಢಿ. 712ರ ನಿಯಮದಲ್ಲಿ ಅಲ್ಲಿ ಜಾಗ ಇರುವ ಹಾಗಿಲ್ಲ. ಆ ಒಂದು ಜಾಗಕ್ಕೆ ಇಡೀ ಹ್ಯಾಶ್ ಬೇರೆ, ಹ್ಯಾಶ್ ಬೇರೆ ಆದ್ದರಿಂದ ಹೊರಗೆ ಬಂದ ವಿಳಾಸ ಬೇರೆ.

ಆ ಸಾಲಿನ ಎರಡು ಅಲ್ಪವಿರಾಮಗಳ ನಂತರ ಇದ್ದ ಜಾಗ ಅಳಿಸಿದೆ. ಅಕ್ಕ ಸಹಿ ಮಾಡಿದಳು. ಟೋಕನ್ ಹೋಯಿತು.

ಆದರೆ ಟೆಸ್ಟ್ ಯಾಕೆ ಹಿಡಿಯಲಿಲ್ಲ? ಇದು ನನ್ನನ್ನು ಜಾಸ್ತಿ ಕಾಡಿತು. ಉತ್ತರ: ಟೆಸ್ಟ್‌ನಲ್ಲಿ ಚೀಟಿ ಕಟ್ಟಲು ಕಾಂಟ್ರ್ಯಾಕ್ಟ್‌ನಲ್ಲಿದ್ದ ಅದೇ ಸಾಲನ್ನೇ ಬಳಸಿದ್ದೆ. ತಪ್ಪು ಎರಡೂ ಕಡೆ ಒಂದೇ ಥರ ಇದ್ದರೆ ಹೊಂದಿಕೆ ಆಗಿಯೇ ಆಗುತ್ತದೆ. ಈಗ ಫೋರ್ಜ್ ಟೆಸ್ಟ್ ಒಂದು ವಿಯೆಮ್ ಸ್ಕ್ರಿಪ್ಟ್ ಓಡಿಸಿ, ಅದು ಕೊಟ್ಟ ಹ್ಯಾಶ್ ಜೊತೆ ಕಾಂಟ್ರ್ಯಾಕ್ಟ್ ಹ್ಯಾಶ್ ಹೋಲಿಸುತ್ತದೆ. ಎರಡು ಮಾಡ್ಯೂಲ್ ಮಾತಾಡುವ ಜಾಗವನ್ನು ಎರಡೂ ಕಡೆಯಿಂದ ಪರೀಕ್ಷೆ ಮಾಡಿ. ಒಂದೇ ಕಡೆಯಿಂದ ಮಾಡಿದರೆ ಸಾಲದು.

ಮೂರನೇ ವಾರ: ವಾಪಸ್ ಬಂದ ಟೋಕನ್

ಒಂದು ಚೀಟಿ ಎರಡು ಸಲ ಬಳಸಬಾರದು. ನನ್ನ ತಡೆ ಇದು: ಟೋಕನ್ ಇನ್ನೂ ಕಾಂಟ್ರ್ಯಾಕ್ಟ್ ಹೆಸರಿನಲ್ಲಿದ್ದರೆ ಮಾತ್ರ ಚೀಟಿ ನಡೆಯುತ್ತದೆ. ಒಮ್ಮೆ ಹೋದ ಮೇಲೆ ಮಾಲೀಕ ಬೇರೆ, ಚೀಟಿ ಸತ್ತ ಹಾಗೆ. ಸರಿಯಾಗಿದೆ ಅನ್ನಿಸಿತ್ತು.

ಫೌಂಡ್ರಿಯ ಇನ್ವೇರಿಯಂಟ್ ಟೆಸ್ಟ್ ಒಪ್ಪಲಿಲ್ಲ. ಅದರಲ್ಲಿ ನಾವು ಒಂದು ನಿಯಮ ಹೇಳುತ್ತೇವೆ. ಅದು ಫಂಕ್ಷನ್‌ಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ, ಮನಸ್ಸಿಗೆ ಬಂದ ವಿಳಾಸಗಳೊಂದಿಗೆ ಕರೆಯುತ್ತಾ ನಿಯಮ ಮುರಿಯುತ್ತದೆಯಾ ನೋಡುತ್ತದೆ. ನನ್ನ ನಿಯಮ: ಒಂದು ಟೋಕನ್‌ಗೆ ಚೀಟಿ ಒಂದೇ ಸಲ. ಅದು ಮುರಿದು ತೋರಿಸಿದ ದಾರಿ ಹೀಗಿತ್ತು. ಮೊದಲನೆಯವನು ಚೀಟಿಯಿಂದ ಟೋಕನ್ ಪಡೆದ. ಎರಡನೆಯವನಿಗೆ ಕೊಟ್ಟ. ಎರಡನೆಯವನು ಕೈತಪ್ಪಿ ಕಾಂಟ್ರ್ಯಾಕ್ಟ್ ವಿಳಾಸಕ್ಕೇ ಕಳಿಸಿದ. ಈಗ ಟೋಕನ್ ಮತ್ತೆ ಕಾಂಟ್ರ್ಯಾಕ್ಟ್ ಹೆಸರಿನಲ್ಲಿದೆ. ಮೊದಲನೆಯವನ ಹಳೇ ಚೀಟಿಗೆ ಜೀವ ಬಂತು. ಅವನು ಅದನ್ನು ತೋರಿಸಿ ಟೋಕನ್ ಎತ್ತಿಕೊಂಡು ಹೋದ. ಅಚ್ಚು ಎರಡನೆಯವನ ಗೋಡೆಯ ಮೇಲೆ, ಟೋಕನ್ ಮೊದಲನೆಯವನ ವಾಲೆಟ್‌ನಲ್ಲಿ.

ಚೀಟಿಗೆ ಏಳು ದಿನದ ಗಡುವು ಇದೆ, ನಿಜ. ಆದರೆ ಏಳು ದಿನದಲ್ಲೇ ಇದೆಲ್ಲ ನಡೆಯಬಹುದು. ಮೊದಲು ಬಿಟ್‌ಮ್ಯಾಪ್ ಮಾಡ್ಯೂಲ್ ತಂದು, ಬಳಸಿದ ನಂಬರ್‌ಗೆ ಗುರುತು ಹಾಕಿದೆ. 256 ಬಿಟ್‌ನ ಒಂದೇ ಸ್ಲಾಟ್‌ನಲ್ಲಿ 44 ಗುರುತೂ ಹಿಡಿಯುತ್ತವೆ, ಚೆನ್ನಾಗೇ ಇತ್ತು. ಆದರೆ ಕೈತಪ್ಪಿ ಕಳಿಸಿದವನ ಟೋಕನ್ ಶಾಶ್ವತವಾಗಿ ಒಳಗೇ ಉಳಿಯುತ್ತಿತ್ತು. ಆಮೇಲೆ ಆ 'ಅಪ್‌ಡೇಟ್' ಬಾಗಿಲು ನೆನಪಾಯಿತು. ಎಲ್ಲವೂ ಅದರ ಮೂಲಕವೇ ಹೋಗುತ್ತದೆ ಅಂದೆನಲ್ಲ. ಅಲ್ಲಿ ಒಂದು ಸಾಲು: ಈಗಾಗಲೇ ಹುಟ್ಟಿದ ಟೋಕನ್ ಕಾಂಟ್ರ್ಯಾಕ್ಟ್ ವಿಳಾಸಕ್ಕೆ ಹೋಗುವಂತಿಲ್ಲ. ಕೈತಪ್ಪಿ ಕಳಿಸಿದರೆ ವ್ಯವಹಾರವೇ ಬಿದ್ದುಹೋಗುತ್ತದೆ, ಟೋಕನ್ ಅವನ ಹತ್ತಿರವೇ ಇರುತ್ತದೆ. ಹಳೇ ಚೀಟಿಗೂ ಜೀವ ಬರುವುದಿಲ್ಲ. ಬಿಟ್‌ಮ್ಯಾಪ್ ಬೇಕಾಗಲಿಲ್ಲ, ತೆಗೆದೆ.

ಚಿತ್ರಗಳು

44 ಅಚ್ಚುಗಳನ್ನೂ ಅಕ್ಕ ಒಂದೊಂದಾಗಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದಳು. ಒಂದೇ ಸ್ಕ್ಯಾನ್ ಎಲ್ಲಕ್ಕೂ ಸಾಕು ಅಂತ ನಾನು ಅಂದಿದ್ದೆ. ಅವಳು ಒಪ್ಪಲಿಲ್ಲ. ಎರಡು ಅಚ್ಚು ಪಕ್ಕಪಕ್ಕ ಇಟ್ಟು ಭೂತಗನ್ನಡಿ ಕೊಟ್ಟಳು. 7/40ರಲ್ಲಿ ಅಂಗಳದ ಮೂಲೆಯ ಬುಟ್ಟಿಯ ಅಂಚಿನಲ್ಲಿ ಮಸಿ ಹತ್ತದ ಒಂದು ಬಿಳಿ ಚುಕ್ಕಿ, ಸಾಸಿವೆಗಿಂತ ಚಿಕ್ಕದು. 8/40ರಲ್ಲಿ ಅದಿಲ್ಲ. ಅದರ ಬದಲು ಚಪ್ಪರದ ಕಂಬದ ಹತ್ತಿರ ಮಸಿ ಸ್ವಲ್ಪ ಹೆಚ್ಚಾಗಿ ಗೆರೆ ದಪ್ಪ. ಕೈಯಿಂದ ಉಜ್ಜಿದ ಅಚ್ಚು ಎರಡು ಒಂದೇ ಥರ ಬರುವುದಿಲ್ಲ. ಹಾಗಾಗಿ ಸ್ಕ್ಯಾನ್ ಬರೀ ಚಿತ್ರ ಅಲ್ಲ, ಆ ಕಾಗದದ ಗುರುತು ಚೀಟಿ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಟೋಕನ್ ಇದ್ದ ಮಾತ್ರಕ್ಕೆ ಕಾಗದ ಅಸಲಿ ಅಂತ ಆಗುವುದಿಲ್ಲ. ಟೋಕನ್ ಹೇಳುವುದು ದಾಖಲೆಯಲ್ಲಿ ಯಾರ ಹೆಸರಿದೆ ಅಂತ ಮಾತ್ರ. ಕಾಗದ ಮತ್ತು ಟೋಕನ್ ನಡುವಿನ ಸೇತುವೆ ಆ ಬಿಳಿ ಚುಕ್ಕಿ. ಮೂಲ ಸ್ಕ್ಯಾನ್ ಫೈಲ್‌ನ ಹ್ಯಾಶ್ ಕೂಡ ಪ್ರತಿ ಟೋಕನ್‌ನ ವಿವರದಲ್ಲಿ ಹಾಕಿದ್ದೇನೆ.

ಫೈಲ್‌ಗಳೆಲ್ಲ ಐಪಿಎಫ್‌ಎಸ್‌ನಲ್ಲಿ, ಅಂದರೆ ಹಲವರ ಕಂಪ್ಯೂಟರ್‌ಗಳು ಸೇರಿ ಫೈಲ್ ಇಡುವ ಜಾಲದಲ್ಲಿ. ಅಲ್ಲಿ ವಿಳಾಸ ಅನ್ನುವುದು ಫೈಲ್‌ನ ಒಳಗಿನದ್ದರಿಂದಲೇ ಹುಟ್ಟುತ್ತದೆ, ಅದಕ್ಕೆ ಸಿಐಡಿ ಅನ್ನುತ್ತಾರೆ. ಒಂದು ಬೈಟ್ ಬದಲಾದರೂ ಸಿಐಡಿ ಬದಲು. ಮನೆಯ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಕುಬೊ (ಐಪಿಎಫ್‌ಎಸ್ ತಂತ್ರಾಂಶ) ಓಡಿಸಿ ಫೋಲ್ಡರ್ ಸೇರಿಸಿದೆ, ಒಂದು ಸಿಐಡಿ ಬಂತು. ಅದೇ ಫೋಲ್ಡರ್ ಅನ್ನು ದುಡ್ಡು ಕೊಟ್ಟು ತಗೊಂಡ ಪಿನ್ನಿಂಗ್ ಸೇವೆಗೆ (ಫೈಲ್ ಸದಾ ಸಿಗುವಂತೆ ಇಟ್ಟುಕೊಳ್ಳುವವರಿಗೆ) ಹಾಕಿದೆ, ಬೇರೆಯೇ ಸಿಐಡಿ! ಫೈಲ್ ಅದೇ, ಬೈಟ್ ಅದೇ. ಬೇರೆಯಾದದ್ದು ತುಂಡು ಮಾಡುವ ರೀತಿ. ನನ್ನ ಕುಬೊ ಸೆಟ್ಟಿಂಗ್‌ನಲ್ಲಿ 256 ಕಿಲೋಬೈಟ್ ತುಂಡು, ಹಳೆಯ ಶೈಲಿಯ ಸಿಐಡಿ. ಅವರದ್ದು 1 ಮೆಗಾಬೈಟ್ ತುಂಡು, ಹೊಸ ಶೈಲಿ. ತುಂಡು ಬೇರೆ ಆದರೆ ತುಂಡುಗಳನ್ನು ಜೋಡಿಸುವ ಮರದ ರಚನೆ ಬೇರೆ, ಮರ ಬೇರೆ ಆದರೆ ಬೇರಿನ ಹ್ಯಾಶ್ ಬೇರೆ. ಇದು ಗೊತ್ತಿಲ್ಲದೆ ಒಂದು ಸಿಐಡಿಯನ್ನು ಕಾಂಟ್ರ್ಯಾಕ್ಟ್‌ನಲ್ಲಿ ಬರೆದಿದ್ದರೆ, ಆ ಒಂದು ಜಾಗ ನಿಂತ ದಿನ ಚಿತ್ರಗಳೂ ನಿಲ್ಲುತ್ತಿದ್ದವು.

ಪರಿಹಾರ ಕಾರ್ ಫೈಲ್. ಒಂದೇ ಸಲ ಕುಬೊದಲ್ಲಿ ಮರ ಕಟ್ಟಿ, ತುಂಡುಗಳ ಸಮೇತ ಒಂದು ಕಟ್ಟಾಗಿ ಹೊರಗೆ ತೆಗೆಯುವುದು. ಅದನ್ನೇ ಎಲ್ಲ ಕಡೆ ಆಮದು ಮಾಡುವುದು. ಯಾರೂ ಮತ್ತೆ ತುಂಡು ಮಾಡುವುದಿಲ್ಲ, ಸಿಐಡಿ ಎಲ್ಲೆಡೆ ಒಂದೇ. ಒಂದು ಪೆನ್‌ಡ್ರೈವ್‌ನಲ್ಲೂ ಹಾಕಿ ಅಕ್ಕನಿಗೆ ಕೊಟ್ಟೆ. ಎರಡು ವಾರ ಆದ ಮೇಲೆ ಆ ಸೇವೆಯ ಗೇಟ್‌ವೇ ಅರ್ಧ ದಿನ ಮಲಗಿತ್ತು. ಪೈ ಎದ್ದಿತ್ತು, ಚಿತ್ರ ಬರುತ್ತಿತ್ತು.

ಚಿಕ್ಕದೊಂದು ಇದೆ: ಫೋಲ್ಡರ್ ವಿಳಾಸದ ಕೊನೆಗೆ ಓರೆ ಗೆರೆ ಮರೆಯಬೇಡಿ. ಫೈಲ್ ಹೆಸರು ಬರೀ 7 ಅಂತ ಇರಲಿ. 721 ಮಾಡ್ಯೂಲ್ ನಂಬರ್ ಮಾತ್ರ ಸೇರಿಸುತ್ತದೆ, ಅದರ ಮುಂದೆ ಜೇಸನ್ ಅನ್ನುವ ಬಾಲ ಸೇರಿಸುವುದಿಲ್ಲ.

ನಾಲ್ಕನೇ ವಾರ: ಗೀರು

ಚೈನ್ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಓಪಿ ಮೇನ್‌ನೆಟ್ (ಈಥೀರಿಯಂ ಮೇಲೆ ಕೂತ ಅಗ್ಗದ ಚೈನ್), ಚೈನ್ ನಂಬರ್ 10. ಚೈನ್‌ಗಳೂ ಈಗ ಬಿಡಿಭಾಗ ಜೋಡಿಸಿದ ಹಾಗೇ ಇವೆ. ವ್ಯವಹಾರ ನಡೆಸುವುದು ಓಪಿ, ಅದರ ದತ್ತಾಂಶ ಹೋಗಿ ಕೂರುವುದು ಈಥೀರಿಯಂನಲ್ಲಿ. 2024ರ ಮಾರ್ಚ್ 13ರ ಅಪ್‌ಗ್ರೇಡ್‌ನಲ್ಲಿ ಇದಕ್ಕೆಂದೇ ಬ್ಲಾಬ್ ಅನ್ನುವ ಅಗ್ಗದ ಜಾಗ ಬಂತು, ತಲಾ 128 ಕಿಲೋಬೈಟ್. ಅಲ್ಲಿ ಸುಮಾರು 18 ದಿನ ಇಟ್ಟು ತೆಗೆಯುತ್ತಾರೆ. ಟೋಕನ್ ಮಾಲೀಕತ್ವದ ಲೆಕ್ಕ ಓಪಿ ನೋಡ್‌ಗಳಲ್ಲಿ ಉಳಿಯುತ್ತದೆ. ಒಂದು ಚೀಟಿ ಮುಟ್ಟಿಸುವ ಖರ್ಚು ನಮಗೆ ಇದುವರೆಗೆ ಒಂದು ರೂಪಾಯಿ ದಾಟಿಲ್ಲ.

ದುಡ್ಡಿನ ಕಡೆ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿದೆವು. ಭಾರತದಲ್ಲಿ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇಕಡಾ 30 ತೆರಿಗೆ, ಅದೇ ವರ್ಷ ಜುಲೈ 1ರಿಂದ ವರ್ಗಾವಣೆಗೆ ಶೇಕಡಾ 1 ಟಿಡಿಎಸ್. ಅಕ್ಕ ಮಾರುವುದು ಕಾಗದವನ್ನು. ಟೋಕನ್‌ಗೆ ಬೇರೆ ಬೆಲೆ ಇಲ್ಲ. ನೀವು ಮಾಡುವುದಾದರೆ ನಿಮ್ಮ ಆಡಿಟರ್ ಹತ್ತಿರ ಕೇಳಿಯೇ ಮುಂದೆ ಹೋಗಿ.

ಡಿಪ್ಲಾಯ್ ಮಾಡಲು, ಅಂದರೆ ಕಾಂಟ್ರ್ಯಾಕ್ಟ್ ಅನ್ನು ಅಸಲಿ ಚೈನ್‌ಗೆ ಹಾಕಲು, ನಾನು ಸಾಗರಕ್ಕೇ ಹೋದೆ. ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್, ಪಕ್ಕದಲ್ಲಿ ಲಿನೋ. ಮೊದಲು ಟೆಸ್ಟ್‌ನೆಟ್‌ನ ಒಂದು ಹಳೇ ಚೀಟಿಯನ್ನು ಹೊಸ ಕಾಂಟ್ರ್ಯಾಕ್ಟ್‌ನ ಅಭ್ಯಾಸ ಪ್ರತಿಗೆ ಕೊಟ್ಟು ನೋಡಿದೆ. ತಿರಸ್ಕಾರ ಆಯಿತು. ಚೈನ್ ನಂಬರ್ ಬೇರೆ, ಆಗಲೇಬೇಕು. ಆಮೇಲೆ ಸಿಐಡಿಯನ್ನು ಇಬ್ಬರೂ ಜೋರಾಗಿ ಓದಿ ಹೊಂದಿಸಿದೆವು. ಅವಳು ಪೆನ್‌ಡ್ರೈವ್ ಜೊತೆ ಇದ್ದ ಕಾಗದದ ತುಂಡಿನಿಂದ ಓದಿದಳು, ನಾನು ಪರದೆಯಿಂದ.

ಎಂಟರ್ ಒತ್ತಿದೆ. ಕೆಲವು ಕ್ಷಣ. 44 ವರ್ಗಾವಣೆ ದಾಖಲೆ ಒಂದೇ ವ್ಯವಹಾರದಲ್ಲಿ ಸಾಲಾಗಿ ಬಂದವು. ಸೋರ್ಸಿಫೈ ಅನ್ನುವ ಸೇವೆಯಲ್ಲಿ ಮೂಲ ಕೋಡ್ ಹಾಕಿ, ಚೈನ್ ಮೇಲಿನ ಕೋಡ್ ಜೊತೆ ಹೊಂದಿಕೆ ಆಗುವುದನ್ನು ನೋಡಿದೆ.

"ಆಯ್ತಾ?"

"ಆಯ್ತು ಅಕ್ಕಾ. ಇನ್ನು 45ನೇದು ಹುಟ್ಟಲ್ಲ."

ಅವಳು ಲಿನೋವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಗಲ ಬಾಯಿಯ ಉಳಿ ತಗೊಂಡು, ಅಡಿಕೆ ಚಪ್ಪರದ ಮೇಲಿನ ಮೂಲೆಯಿಂದ ಬುಟ್ಟಿಯ ತನಕ ಒಂದು ಗೀರು ಎಳೆದಳು. ಲಿನೋ ಸಿಪ್ಪೆ ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. ಇನ್ನೊಂದು ಕಡೆಯಿಂದ ಇನ್ನೊಂದು ಗೀರು. ಆಮೇಲೆ ಅದಕ್ಕೆ ಮಸಿ ಹಚ್ಚಿ ಒಂದೇ ಒಂದು ಪ್ರತಿ ತೆಗೆದಳು, ಗೀರು ಕಾಣುವ ಪ್ರತಿ. ಹಲಗೆ ಮುಗಿಯಿತು ಅನ್ನುವುದಕ್ಕೆ ಅದೇ ಸಾಕ್ಷಿ. ಅದಕ್ಕೆ ಟೋಕನ್ ಇಲ್ಲ. ಜಗಲಿಯ ಗೋಡೆಗೆ ಹಾಕಿದ್ದಾಳೆ.

ಇದುವರೆಗೆ 11 ಅಚ್ಚು ಹೋಗಿವೆ. ಆರು ಜನ ಚೀಟಿ ತಗೊಂಡಿದ್ದಾರೆ. ಉಳಿದ ಐದು ಜನರಿಗೆ ಇನ್ನೂ ವಾಲೆಟ್ ಇಲ್ಲ. ಅವರ ಟೋಕನ್ ಕಾಂಟ್ರ್ಯಾಕ್ಟ್ ಹತ್ತಿರವೇ ಇವೆ. ಯಾವಾಗ ವಿಳಾಸ ಕಳಿಸಿದರೂ ಅಕ್ಕ ಸಹಿ ಮಾಡಿ ಕೊಡುತ್ತಾಳೆ.